ಇಷ್ಟು ತೂತಿದ್ರೂ ಈ ಕರಿಕಲ್ಲಿನಾಗಿಂದ ಉಪ್ಪು ಯಾಕ ದಾಟವಲ್ದು?

ಕರಿಮಣ್ಣು_ಆಳಂದ
ಎಲ್ಲರಿಗೂ ನಮಸ್ಕಾರ್ರಿ. ನಾ ಎಂಎಸ್ಸಿ ಜಿಯಾಲಜಿ ಎರಡನೇ ವರ್ಷ, ಊರು ಆಳಂದ ತಾಲೂಕು. ನಮ್ಮ ಕಡಿ ಕರಿಕಲ್ಲು ಅಂದ್ರ ಡೆಕ್ಕನ್ ಟ್ರ್ಯಾಪ್ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದ ಹರದು ಆರಿದ ಲಾವಾ, ಇದರಾಗಿಂದ ಉಪ್ಪು ಎಷ್ಟು ಬೇಗ ದಾಟ್ತದ ಅಂತ ಸಣ್ಣ ಪ್ರಾಜೆಕ್ಟ್ ಮಾಡ್ಲಕತ್ತೀನಿ. ಮೂರು ಥರ ಕಲ್ಲು ತಗೊಂಡು 1 ಸೆಂಟಿಮೀಟರ್ ದಪ್ಪ ಬಿಲ್ಲೆ ಕೊಯ್ಸೀನಿ. ಒಂದು ಕ್ವಾರಿದು, ಗಟ್ಟಿ ಕರಿಕಲ್ಲು. ಎರಡನೇದು ಮೈತುಂಬ ತೂತಿರೋ ಕಲ್ಲು, ಕೆಲವು ತೂತಿನಾಗ ಬೆರಳ ತುದಿ ಹೋಗ್ತದ. ಮೂರನೇದು ನಮ್ಮೂರಾಗ ಬಾವಿ ತೋಡುವಾಗ ತೆಗೆದಿದ್ದು, ಬಣ್ಣ ಸ್ವಲ್ಪ ಹಸಿರು ಸ್ವಲ್ಪ ಕಂದು, ಉಗುರಿಲೆ ಗೀರಿದ್ರ ಪುಡಿ ಉದರ್ತದ, ಕಣ್ಣಿಗೆ ಮಾತ್ರ ಒಂದು ತೂತೂ ಕಾಣಂಗಿಲ್ಲ.

ಎರಡು ಡಬ್ಬಿ ನಡು ಬಿಲ್ಲೆ ಅಂಟಿಸಿ ಒಂದ್ ಕಡಿ ಲೀಟರಿಗೆ 50 ಗ್ರಾಂ ಉಪ್ಪು ಹಾಕಿದ ನೀರು, ಇನ್ನೊಂದ್ ಕಡಿ 200 ಮಿಲಿ ಡಿಸ್ಟಿಲ್ಡ್ ನೀರು. ನೀರು ತಾಕೋ ಜಾಗ 10 ಚದರ ಸೆಂಟಿಮೀಟರ್. ದಿನಾ ಬೆಳಿಗ್ಗೆ ಟಿಡಿಎಸ್ ಮೀಟರ್, ಅಂದ್ರ ನೀರಾಗ ಉಪ್ಪು ಎಷ್ಟು ಕರಗ್ಯದ ಅಂತ ತೋರ್ಸೋ ಮೀಟರ್, ಇಟ್ಟು ನೋಡ್ತೀನಿ. ಮೂರು ವಾರ ಆಯ್ತು. ಗಟ್ಟಿ ಕಲ್ಲಿನಾಗ ಏನೂ ಇಲ್ಲ. ಮೆತ್ತಗಿನ ಕಲ್ಲಿನಾಗ ದಿನಕ್ಕ 55 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಏರ್ಲಕತ್ತದ. ಆದ್ರ ತೂತಿನ ಕಲ್ಲಿನಾಗ ದಿನಕ್ಕ 7-8 ಅಷ್ಟೇ!! ತೂತು ಜಾಸ್ತಿ ಇದ್ರ ದಾಟೋದೂ ಜಾಸ್ತಿ ಅಂತ ನಾ ಬರದು ಗೈಡಿಗೆ ಕೊಟ್ಟಾಗ್ಯದ, ಈಗ ನೋಡಿದ್ರ ಉಲ್ಟಾ. ಎಲ್ಲಿ ತಪ್ಪಿದೆ ಹೇಳ್ರಿ.

ಕೆಂಪುಕಲ್ಲು_ಬೀದರ್
ತಂಗಿ ನಮ್ಮ ಬೀದರ್ ಕೆಂಪು ಕಲ್ಲು ಒಂದ್ ತುಂಡು ಹಚ್ಚಿ ನೋಡು, ಒಂದೇ ರಾತ್ರ್ಯಾಗ ದಾಟ್ತದ. ಅದೂ ನಿಮ್ಮ ಕರಿಕಲ್ಲೇ ಮಳಿ ಬಿಸಲಿಗೆ ಕಳೀತಾ ಕಳೀತಾ ಕೆಂಪಾಗಿದ್ದು. ಕ್ವಾರ್ಯಾಗ ಕೊಯ್ವಾಗ ಮೆತ್ತಗ ಇರ್ತದ, ಗಾಳಿಗೆ ಬಿಟ್ರ ಗಟ್ಟಿ ಆಗ್ತದ, ಅದಕ್ಕೇ ಕೋಟಿ (ಕಿಲ್ಲೆ) ಗೋಡಿಗೂ ಅದೇ, ಕೋಟಿ ಖಂದಕ ಕೊರದಿದ್ದೂ ಅದರಾಗೇ. ನಮ್ಮ ಸುರಂಗ ಬಾವಿ ನೋಡೀರಿ ಅಲ್ಲಾ, ಬಹಮನಿ ಕಾಲದ್ದು, ಮ್ಯಾಲ ಕೆಂಪು ಕಲ್ಲಿನಾಗ ಇಂಗಿದ ನೀರು ತೆಳಗ ಕರಿಕಲ್ಲು ಸಿಕ್ಕ ಮ್ಯಾಲ ಇಳಿಯಾಕ ಜಾಗ ಇಲ್ಲದ ಅಡ್ಡಕ್ಕ ಹರೀತದ, ಆ ನೀರು ಹಿಡದು ಸುರಂಗದಾಗ ಊರಿಗೆ ತಂದಾರ. ಝರಣಿ ನರಸಿಂಹನ ಗುಡಿಗೆ ಎದಿಮಟ ನೀರಾಗ ನಡಕೊಂತ ಹೋಗ್ತೀವಲ್ಲ, ಅದೂ ಈ ಕಲ್ಲಿನಾಗೇ ಕೊರದಿದ್ದು. ಹಂಗಾಗಿ ಡಿಫ್ಯೂಷನ್ನಿನಾಗ ಕೆಂಪು ಕಲ್ಲಿಗೇ ಮೊದಲ ನಂಬರ್ ಅಂತ ನನ್ನ ವಾದ.

ಮಾಸ್ತರ್_ಕಲಬುರಗಿ
ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ರಿಟೈರ್ ಆದವ. ಪ್ರಶ್ನೆ ಭಾಳ ಛಲೋ ಅದ, ತಂಗಿ. ನಿನ್ನ ರಿಸಲ್ಟ್ ತಪ್ಪಿಲ್ಲ ಅಂತ ನನಗ ಅನಿಸ್ತದ, ತಪ್ಪಿರೋದು ಆ ಬರದು ಕೊಟ್ಟ ಮಾತಿನಾಗ.

ಮೊದಲು ಬೀದರ್ ತಮ್ಮನಿಗೆ ಒಂದು ಮಾತು. ಸುರಂಗ ಬಾವ್ಯಾಗ ಆಗೋದು ಹರಿವು. ನೀರು ಎತ್ತರದಿಂದ ತೆಳಗ ತನ್ನ ಭಾರಕ್ಕ ತಾನೇ ಹರೀತದ, ಉಪ್ಪು ಇದ್ರ ಅದನ್ನೂ ಹೊತ್ತೊಯ್ತದ. ಡಿಫ್ಯೂಷನ್, ಪುಸ್ತಕದಾಗ ವಿಸರಣೆ ಅಂತೀವಿ, ಅಲ್ಲಿ ನೀರು ನಿಂತಲ್ಲೇ ನಿಂತಿರ್ತದ. ಉಪ್ಪಿನ ಕಣಗಳು ತಮ್ಮಷ್ಟಕ್ಕ ಅತ್ತ ಇತ್ತ ಅಲೀತಾವ, ಯಾರೂ ನೂಕಂಗಿಲ್ಲ, ಜಾಸ್ತಿ ಇದ್ದ ಕಡೆಯಿಂದ ಕಡಿಮಿ ಇದ್ದ ಕಡೆಗೆ ಒಟ್ಟಾರೆ ಲೆಕ್ಕದಾಗ ಸರೀತಾವ. 1855ರಾಗ ಅಡಾಲ್ಫ್ ಫಿಕ್ ಇದರ ನಿಯಮ ಬರದ. 1905ರಾಗ ಐನ್‌ಸ್ಟೈನ್ ಆ ಅಲೆದಾಟದ ಲೆಕ್ಕ ತೋರಿಸಿದ.

ಈಗ ಈ ಎರಡೂ ಒಂದು ಕಿರಿದಾದ ಕೊಳವಿಯೊಳಗ ಹೆಂಗ ನಡೀತಾವ ನೋಡ್ರಿ. ಕೊಳವಿ ಅಗಲ ಅರ್ಧ ಮಾಡಿದ್ರ ನೀರಿನ ಹರಿವು 16ರಾಗ ಒಂದು ಪಾಲಿಗೆ ಬೀಳ್ತದ, ಯಾಕಂದ್ರ ಗೋಡಿ ನೀರನ್ನ ಹಿಡೀತದ. ಡಿಫ್ಯೂಷನ್ 4ರಾಗ ಒಂದು ಪಾಲು ಅಷ್ಟೇ, ಯಾಕಂದ್ರ ಅದಕ್ಕ ಬೇಕಾಗಿದ್ದು ಬರೀ ಜಾಗ. ಅಗಲ ಹತ್ತರಾಗ ಒಂದಾದ್ರ ಹರಿವು ಹತ್ತು ಸಾವಿರದಾಗ ಒಂದು, ಡಿಫ್ಯೂಷನ್ ನೂರರಾಗ ಒಂದು. ಹಂಗಾಗಿ ಒಂದು ಹನಿ ನೀರೂ ಜಿನುಗದ ಕಲ್ಲಿನಾಗ ಉಪ್ಪು ಆರಾಮ ದಾಟ್ತಿರಬಹುದು. ಇವೆರಡನ್ನ ಒಂದೇ ಅಂತ ತಿಳಿಯೋದು ಎಲ್ಲರೂ ಮಾಡೋ ತಪ್ಪು.

ತಂಗಿ, ನಿನಗ ನನ್ನ ಪ್ರಶ್ನೆ ಒಂದೇ. ತೂತಿನ ಕಲ್ಲಿನ ತೂತುಗಳು ಒಂದಕ್ಕೊಂದು ಕೂಡ್ಯಾವೇನು? ತೂಕ ಮಾಡಿ ನೋಡಿದಿಯಾ?

ಕರಿಮಣ್ಣು_ಆಳಂದ
ಮಾಡೀನ್ರಿ ಸರ್. ಬಿಲ್ಲೆ ಅಲ್ಲ, ಅದೇ ಕಲ್ಲಿನ ಒಂದು ದೊಡ್ಡ ತುಂಡು ಓವನ್ನಿನಾಗ ಒಣಗಿಸಿ ತೂಗಿದೆ, 350 ಗ್ರಾಂ. ಎರಡು ದಿನ ನೀರಾಗ ನೆನಸಿ ಮ್ಯಾಲಿನ ನೀರು ಒರಸಿ ತೂಗಿದೆ, 361. ನೀರಾಗ ತೂಗಬಿಟ್ಟು ತೂಗಿದ್ರ 194. ಅಂದ್ರ ಗಾತ್ರ 361 ಕಳಿ 194, 167 ಸಿಸಿ. ಒಳಗ ಹೋದ ನೀರು 11 ಸಿಸಿ. ತೂತು ಬರೀ 6.6 ಪರ್ಸೆಂಟ್ ಬಂತು, ನಂಗೇ ನಂಬಿಕಿ ಆಗಲಿಲ್ಲ. ಕಣ್ಣಿಗೆ ಕಾಲು ಭಾಗ ತೂತೇ ಕಾಣ್ತದ.

ಮಾಸ್ತರ್_ಕಲಬುರಗಿ
ಅದೇ ಕಲ್ಲಿನ ಒಂದ್ ಚೂರು ನುಣ್ಣಗ ಪುಡಿ ಮಾಡಿ ಡೆನ್ಸಿಟಿ ಬಾಟಲ್‌ನಾಗ ಹಾಕಿ ನೋಡು. ಪುಡಿ ಮಾಡಿದ ಮ್ಯಾಲ ಮುಚ್ಚಿದ ತೂತು ಅಂತ ಉಳಿಯಂಗಿಲ್ಲ. ಆಗ ನಿಜವಾದ ಕಲ್ಲಿನ ಗಾತ್ರ ಗೊತ್ತಾಗ್ತದ. ಮತ್ತ ಬರೀ ನೆನಸಿದ್ರ ಸಾಲದು, ಸಣ್ಣ ಬಾಯಿ ಇರೋ ತೂತಿನಾಗ ಗಾಳಿ ಸಿಕ್ಕಿಹಾಕ್ಕೊಂಡು ನೀರಿಗೆ ಜಾಗ ಬಿಡಂಗಿಲ್ಲ. ವ್ಯಾಕ್ಯೂಮ್ ಹಚ್ಚಿ ಗಾಳಿ ಎಳದು ಆಮೇಲೆ ನೀರು ಬಿಡಬೇಕು.

ಬೋರ್_ಗಾಡಿ
ನಾ ಓದಿದವ ಅಲ್ರಿ, 14 ವರ್ಷದಿಂದ ಬೋರ್ ಗಾಡಿ ಮ್ಯಾಲ ಅದೀನಿ, ಕಲಬುರಗಿ ಆಳಂದ ಅಫಜಲಪುರ ಹುಮನಾಬಾದ್ ಎಲ್ಲಾ ಕಡಿ ಕೊರದೀನಿ. ತಂಗಿ ಹೇಳಿದ ಮೂರೂ ಕಲ್ಲು ಒಂದೇ ಬೋರಿನಾಗ ಮ್ಯಾಲಿಂದ ಮ್ಯಾಲ ಸಿಗ್ತಾವ. ಮೊದಲ ಕರಿಮಣ್ಣು, ಅದರ ಕೆಳಗ ಗರಸು, ಆಮ್ಯಾಲ ಮೆತ್ತಗಿನ ಕಲ್ಲು, ಆಮ್ಯಾಲ ಕರಿ ಗಟ್ಟಿ, ಅಲ್ಲಿ ಬಿಟ್ ಕಿರುಚ್ತದ ಧೂಳು ಬೂದಿ ಬಣ್ಣ ಬರ್ತದ. ಅದು ಮುಗದ ಮ್ಯಾಲ ಒಂದೊಂದು ಕಡಿ ಕೆಂಪು ಪಟ್ಟಿ ಸಿಗ್ತದ, ಕುಂಕುಮದಂಥ ಧೂಳು, ಅದರ ಬೆನ್ನಿಗೇ ತೂತಿನ ಕಲ್ಲು, ಅದರ ಕೆಳಗ ಮತ್ತ ಗಟ್ಟಿ. ಹಿಂಗ ಪದರ ಪದರ. ನೀರು ಸಿಗೋದು ಹೆಚ್ಚಾಗಿ ಪದರ ಕೂಡೋ ಜಾಗದಾಗ ಇಲ್ಲಾ ಸೀಳಿದ್ದಲ್ಲಿ. ತೂತಿನ ಕಲ್ಲು ಸಿಕ್ತು ಅಂತ ರೈತರು ಖುಷಿ ಪಡ್ತಾರ, ಎಷ್ಟೋ ಸಲ ಅದೂ ಒಣಗೇ ಇರ್ತದ. ಆ ತೂತಿನಾಗ ಬಿಳಿ ಬಿಳಿ ಹಳ್ಳು ತುಂಬಿರ್ತಾವ, ಕೆಲವು ಹೊಳೀತಾವ. ನಿನ್ನ ಕಲ್ಲಿನಾಗ ಅವು ಅವೇನು ನೋಡು.

ಕರಿಮಣ್ಣು_ಆಳಂದ
ಅಣ್ಣಾ ನೀವು ಹೇಳಿದ್ದು ಪಕ್ಕಾ ಅದ. ನಮ್ಮ ಪಾಠದಾಗೂ ಅದೇ ಪದರ, ಲಾವಾ ಹರಿದಾಗ ಒಳಗಿದ್ದ ಗ್ಯಾಸ್ ಗುಳ್ಳಿ ಆಗಿ ಮ್ಯಾಲ ಏರ್ತದ, ಮ್ಯಾಲಿನ ಭಾಗ ಆರಿ ಗಟ್ಟಿ ಆಗೋ ಹೊತ್ತಿಗೆ ಗುಳ್ಳಿ ಅಲ್ಲೇ ಸಿಕ್ಕಿಬೀಳ್ತಾವ. ನಡುವಿನ ಭಾಗ ನಿಧಾನ ಆರ್ತದ, ಗುಳ್ಳಿ ಕಡಿಮಿ, ಅದೇ ಕರಿ ಗಟ್ಟಿ. ಒಂದು ಲಾವಾ ಹರದು ಇನ್ನೊಂದು ಬರೋ ನಡುವಿನ ಕಾಲದಾಗ ಆದ ಕೆಂಪು ಮಣ್ಣೇ ನಿಮ್ಮ ಕೆಂಪು ಪಟ್ಟಿ. ಬಿಳಿ ಹಳ್ಳು ಅಂದ್ರ ಜಿಯೋಲೈಟ್, ಕ್ಯಾಲ್ಸೈಟ್, ಕೆಲವು ಕಡಿ ಸ್ಫಟಿಕ, ಆಮೇಲೆ ಬಂದ ಬಿಸಿ ನೀರು ಗುಳ್ಳ್ಯಾಗ ಬಿಟ್ಟು ಹೋಗಿದ್ದು. ನನ್ನ ಕಲ್ಲಿನಾಗ ಲೆನ್ಸ್ ಹಿಡಿದು ಎಣಿಸಿದೆ, ಹತ್ತರಾಗ ಮೂರು ತೂತು ತುಂಬ್ಯಾವ, ಇನ್ನೊಂದೆರಡಕ್ಕ ಒಳಗಿಂದ ಬಿಳಿ ಪದರ ಬಳಿದಂಗ ಆಗ್ಯದ.

ವ್ಯಾಕ್ಯೂಮ್ ಪಂಪ್ ಲ್ಯಾಬಿನಾಗ ಕೆಟ್ಟದ. ಫ್ರಿಜ್ ರಿಪೇರಿ ಮಾಡೋ ಒಬ್ಬ ಅಣ್ಣನ ಹತ್ರ ಅದ ಅಂತ, ನಾಳೆ ಕೇಳ್ತೀನಿ.

ಗುಡ್ಡ_ಯಾದಗಿರಿ
ನಮ್ಮ ಕಡಿ ಕರಿಕಲ್ಲು ಇಲ್ಲ, ಯಾದಗಿರಿ ಕೋಟಿ ಗುಡ್ಡ ಎಲ್ಲಾ ಗ್ರಾನೈಟು, ಆದ್ರ ನಂದೂ ಒಂದ್ ಮಾತು. ಗ್ರಾನೈಟಿನಾಗ ಕಣ್ಣಿಗೆ ಕಾಣೋ ತೂತು ಒಂದೂ ಇಲ್ಲ, ಅಳದ್ರ ಒಂದು ಪರ್ಸೆಂಟಿಗೂ ಕಡಿಮಿ ಬರ್ತದ. ಆದ್ರ ಹರಳು ಹರಳಿನ ನಡು ಕೂದಲಿಗಿಂತ ಸಣ್ಣ ಬಿರುಕು ಇರ್ತಾವ, ಅವು ಬಲೆ ಹಂಗ ಒಂದಕ್ಕೊಂದು ಕೂಡಿರ್ತಾವ. ಅದಕ್ಕೇ ಹೊರದೇಶದಾಗ ಅಣು ತ್ಯಾಜ್ಯ ಹೂಳೋದರ ಬಗ್ಗೆ ಲೆಕ್ಕ ಹಾಕೋರು ಗ್ರಾನೈಟ್ ಒಳಗಿನ ಡಿಫ್ಯೂಷನ್ 1980ರ ಹೊತ್ತಿನಿಂದ ಅಷ್ಟು ತಲಿ ಕೆಡಿಸ್ಕೊಂಡು ಅಳೀಲಕತ್ತಾರ, ಬಿರುಕಿನಾಗ ಹೋಗೋ ವಿಷ ಪಕ್ಕದ ಕಲ್ಲಿನೊಳಗ ಇಂಗಿ ತಡ ಆಗ್ತದ ಅಂತ. ಅಮೆರಿಕಾದ ನೆವಾಡಾದಾಗ ಯುಕ್ಕಾ ಮೌಂಟನ್‌ನಾಗೂ ಇದೇ ಅಭ್ಯಾಸ ನಡದಿತ್ತು, ಅಲ್ಲಿರೋದು ಜ್ವಾಲಾಮುಖಿ ಬೂದಿ ಒತ್ತಿ ಆದ ಕಲ್ಲು, ಬೆಸೆದ ಪದರದಾಗ ತೂತು ಕಡಿಮಿ, ಬೆಸೆಯದ ಪದರದಾಗ ಜಾಸ್ತಿ. ಹಂಗಾಗಿ ಎಷ್ಟು ತೂತು ಅನ್ನೋದಕಿಂತ ಯಾವ ತೂತಿಗೆ ಯಾವ ತೂತಿನ ಸಂಬಂಧ ಅದ ಅನ್ನೋದು ಮೊದಲ ಕೇಳಬೇಕು.

ಮಾಸ್ತರ್_ಕಲಬುರಗಿ
ಛಲೋ ಹೇಳಿದ್ರಿ. ನಮ್ಮ ಹಳೇ ವಾಡೆಗಳನ್ನ ನೆನಸ್ಕೋರಿ. ದೊಡ್ಡ ದೊಡ್ಡ ಖೋಲಿ ಇಪ್ಪತ್ತು ಅವ ಅಂತ ಇಟ್ಕೋರಿ. ಒಂದಷ್ಟು ಖೋಲಿಗೆ ಬಾಗಿಲೇ ಇಲ್ಲ. ಒಂದಷ್ಟಕ್ಕ ಒಂದೇ ಬಾಗಿಲು, ಹೋದವ ಅಲ್ಲೇ ಸುತ್ತಿ ಅದೇ ಬಾಗಿಲಿಲೆ ವಾಪಸ್ ಬರಬೇಕು. ಈ ಕಡೆಯಿಂದ ಆ ಕಡೆ ಬೀದಿಗೆ ಹಾಯಾಕ ಉಳಿಯೋದು ನಾಕೈದು ಖೋಲಿ, ಅವುಕ್ಕೂ ತಲಿ ಬಗ್ಗಿಸಿ ಹೋಗೋ ಅಂಥ ಬಾಗಿಲು. ವಾಡೆ ಎಷ್ಟು ವಿಶಾಲ ಅಂತ ಅಳದ್ರ ಹಾದು ಹೋಗೋ ಮಂದಿ ಲೆಕ್ಕ ಸಿಗ್ತದೇನು? ತೂತಿನ ಕಲ್ಲು ಅಂಥ ವಾಡೆ. ನಿನ್ನ ಮೆತ್ತಗಿನ ಕಲ್ಲು ತಟ್ಟಿ ಕಟ್ಟಿದ ಸಂತಿ ಇದ್ದಂಗ, ಖೋಲಿ ಇಲ್ಲ, ಆದ್ರ ಎಲ್ಲಿಂದ ಎಲ್ಲಿಗಾದ್ರೂ ಸಂದು ಅದ.

ಹೊಸಬ_ಸೇಡಂ
ನಡುವ ಬಾಯಿ ಹಾಕ್ಲಕತ್ತೀನಿ ಕ್ಷಮಿಸ್ರಿ. ಐಸ್‌ಲ್ಯಾಂಡಿನಾಗ ಬಸಾಲ್ಟ್ ಒಳಗ ಕಾರ್ಬನ್ ಡೈಆಕ್ಸೈಡ್ ಇಳಿಸಿ ಕಲ್ಲು ಮಾಡ್ತಾರ ಅಂತ ಓದೀನಿ. ನಮ್ಮ ಕರಿಕಲ್ಲಿನಾಗೂ ಆಗ್ತದೇನು?

ಗುಡ್ಡ_ಯಾದಗಿರಿ
ಹೆಲ್ಲಿಸ್‌ಹೈದಿ ಅನ್ನೋ ಜಾಗ, 2012ರಾಗ ನೀರಿನಾಗ ಕರಗಿಸಿ ಇಳಿಸಿದ್ರು, 95 ಪರ್ಸೆಂಟಿಗಿಂತ ಹೆಚ್ಚು ಎರಡೇ ವರ್ಷದೊಳಗ ಕ್ಯಾಲ್ಸೈಟ್ ಥರ ಖನಿಜ ಆಗ್ಯದ ಅಂತ 2016ರಾಗ ಪ್ರಕಟ ಮಾಡಿದ್ರು. ಅಮೆರಿಕಾದ ವಾಶಿಂಗ್ಟನ್ ರಾಜ್ಯದಾಗ ಕೊಲಂಬಿಯಾ ನದಿ ಬಸಾಲ್ಟಿನಾಗ 2013ರಾಗ ಸುಮಾರು 1000 ಟನ್ ಇಳಿಸಿ ನೋಡ್ಯಾರ. ಐಸ್‌ಲ್ಯಾಂಡಿನ ಕಲ್ಲು ಎಳೇದು, ತೂತು ಇನ್ನೂ ಖಾಲಿ. ನಮ್ಮದು 6 ಕೋಟಿ ವರ್ಷದಿಂದ ಜಿಯೋಲೈಟ್ ಕ್ಯಾಲ್ಸೈಟ್ ತುಂಬ್ಕೊಂಡು ಕುಂತದ, ಅದಕ್ಕ ಒಂದೇ ಲೆಕ್ಕ ಹಿಡಿಯಾಕ ಬರಂಗಿಲ್ಲ. ಇನ್ನೊಂದು ವಿಷಯ, ಹೊಸ ಖನಿಜ ಹುಟ್ಟೋದು ಬಾಗಿಲಿನಾಗೇ ಆದ್ರ ಒಳಗಿನ ಖೋಲಿ ಖಾಲಿ ಇದ್ರೂ ದಾರಿ ಬಂದ್ ಆಗ್ತದ.

ಕರಿಮಣ್ಣು_ಆಳಂದ
ಅಪ್‌ಡೇಟ್. ಫ್ರಿಜ್ ಅಣ್ಣ ಪುಣ್ಯಾತ್ಮ, ಅರ್ಧ ದಿನ ಅಂಗಡಿ ಕೆಲಸ ಬಿಟ್ಟು ಪಂಪ್ ಹಚ್ಚಿ ಕೊಟ್ಟ. ಅದೇ ತುಂಡು ವ್ಯಾಕ್ಯೂಮ್ ಮಾಡಿ ನೀರು ಬಿಟ್ಟು ತೂಗಿದೆ, 372 ಗ್ರಾಂ ಬಂತು! ಒಳಗ 22 ಸಿಸಿ, ಅಂದ್ರ 13 ಪರ್ಸೆಂಟ್. ಮೊದಲಿನ ಎರಡು ಪಟ್ಟು. ನಾ ನೆನಸಿದಾಗ ಅರ್ಧ ದಾರಿ ಗಾಳಿಲೇ ಬಂದ್ ಆಗಿತ್ತು. ಪುಡಿ ಮಾಡಿ ನೋಡಿದ್ರ ಕಲ್ಲಿನ ಸಾಂದ್ರತೆ 2.9, ಹಂಗಾದ್ರ 350 ಗ್ರಾಂ ಕಲ್ಲಿಗೆ ಸುಮಾರು 121 ಸಿಸಿ, ಉಳಿದ 46 ಸಿಸಿ ಎಲ್ಲಾ ತೂತು, 28 ಪರ್ಸೆಂಟ್. ಅಂದ್ರ ಅರ್ಧಕ್ಕಿಂತ ಜಾಸ್ತಿ ತೂತಿಗೆ ಬಾಗಿಲೇ ಇಲ್ಲ ಸರ್. ಮೆತ್ತಗಿನ ಕಲ್ಲೂ ಹಂಗೇ ಅಳದೆ, ನೀರು ಹೋಗೋ ತೂತು 18 ಪರ್ಸೆಂಟ್, ಪುಡಿ ಮಾಡಿದ್ರೂ 19ರ ಮ್ಯಾಲ ಹೋಗಲಿಲ್ಲ, ಹೆಚ್ಚುಕಡಿಮಿ ಎಲ್ಲಾ ಕೂಡ್ಯಾವ.

ಬಿಲ್ಲೆನೂ ವ್ಯಾಕ್ಯೂಮ್ ಮಾಡಿ ಮತ್ತ ಹಚ್ಚೀನಿ. ತೂತಿನ ಕಲ್ಲು ಈಗ ದಿನಕ್ಕ 20 ಪಿಪಿಎಂ ಕೊಡ್ಲಕತ್ತದ, ಮೆತ್ತಗಿನದು ಅದೇ 55.

ಮಾಸ್ತರ್_ಕಲಬುರಗಿ
ಭೇಷ್. ಈಗ ಕೂತು ಲೆಕ್ಕ ಮಾಡೂಣು. ಬಿಲ್ಲೆ ಜಾಗದಾಗ ಕಲ್ಲೇ ಇಲ್ಲ, ಬರೀ ಅಲ್ಲಾಡದ ನೀರು ಅದ ಅಂತ ತಿಳಿ. ಉಪ್ಪು ನೀರಿನಾಗ ಸರಿಯೋ ವೇಗ ಗೊತ್ತದ, ನಿನ್ನ ಅಳತಿಗೆ ದಿನಕ್ಕ ಸುಮಾರು 650 ಮಿಲಿಗ್ರಾಂ ದಾಟಬೇಕು. ತೂತಿನ ಕಲ್ಲಿನಾಗ ದಾಟಿದ್ದು 200 ಮಿಲಿಯಾಗ 20 ಪಿಪಿಎಂ, ಅಂದ್ರ 4 ಮಿಲಿಗ್ರಾಂ. 160 ಪಟ್ಟು ಕಡಿಮಿ. ಕಲ್ಲಿನಾಗ ನೀರಿಗಿರೋ ಜಾಗ 13 ಪರ್ಸೆಂಟೇ, ಅದರಿಂದ ಏಳೆಂಟು ಪಟ್ಟು ಕಡಿಮಿ ಆಗೋದು ಸಹಜ. ಉಳಿದ 21 ಪಟ್ಟು ಎಲ್ಲಿ ಹೋಯ್ತು? ಅದೇ ದಾರಿಯ ಅಂಕುಡೊಂಕು ಮತ್ತ ಬಾಗಿಲಿನ ಇಕ್ಕಟ್ಟು. ಒಂದು ತುದಿ ಮುಚ್ಚಿದ ಖೋಲಿಗಳೂ ಇದರಾಗೇ ಬಂದ್ವು, ನೀರು ತುಂಬ್ಕೋತಾವ, ಆದ್ರ ದಾಟಿಸಾಕ ಉಪಯೋಗ ಇಲ್ಲ.

ಮೆತ್ತಗಿನ ಕಲ್ಲು 55 ಪಿಪಿಎಂ, 11 ಮಿಲಿಗ್ರಾಂ. 59 ಪಟ್ಟು ಕಡಿಮಿ. ಜಾಗದ ಲೆಕ್ಕದಾಗ ಐದೂವರಿ ಪಟ್ಟು ತೆಗದ್ರ ಉಳಿಯೋದು ಹತ್ತು ಹನ್ನೊಂದು. ಅಂದ್ರ ತೂತಿನ ಕಲ್ಲಿನ ದಾರಿ ಇದರ ದಾರಿಗಿಂತ ಎರಡು ಪಟ್ಟು ಕೆಟ್ಟದ್ದು. ನಿನ್ನ ಪ್ರಶ್ನೆಗೆ ಉತ್ತರ ಈ 21 ಮತ್ತ 11ರಾಗ ಅದ.

1942ರಾಗ ಆರ್ಚಿ ಅನ್ನೋ ಎಂಜಿನಿಯರ್ ಮರಳುಗಲ್ಲಿನಾಗ ಕರೆಂಟ್ ಹಾಯಿಸಿ ಇಂಥದೇ ಸೂತ್ರ ಹಾಕಿದ್ದ, ತೂತಿನ ಪ್ರಮಾಣಕ್ಕ ಒಂದು ಘಾತ ಹಚ್ಚೋದು, ಮರಳುಗಲ್ಲಿಗೆ ಸುಮಾರು 2 ಬರ್ತದ. ನಿನ್ನ ತೂತಿನ ಕಲ್ಲಿಗೆ ಅದೇ ಲೆಕ್ಕ ಹಾಕಿದ್ರ ಎರಡೂವರಿ ಹತ್ರ ಬರ್ತದ. ಉಪ್ಪು ನೀರು ತುಂಬಿದ ಕಲ್ಲಿನ ಕರೆಂಟ್ ಅಡ್ಡಿ ಅಳದ್ರ ಡಿಫ್ಯೂಷನ್ ಅಂದಾಜು ಒಂದೇ ದಿನದಾಗ ಸಿಗ್ತದ, ಯಾಕಂದ್ರ ಅಯಾನುಗಳು, ಅಂದ್ರ ಕರೆಂಟ್ ಹೊರೋ ಉಪ್ಪಿನ ಕಣಗಳು, ಎರಡಕ್ಕೂ ಅದೇ ದಾರಿ ಹಿಡೀತಾವ. ಗೈಡಿಗೆ ಹೇಳಿ ಅದನ್ನೂ ಮಾಡು.

ಕೆಂಪುಕಲ್ಲು_ಬೀದರ್
ಸರ್ ಹಂಗಾದ್ರ ಗಟ್ಟಿ ಕಲ್ಲಿನಾಗ ದಾಟೋದೇ ಇಲ್ಲೇನ್ರಿ? ಮೂರು ವಾರ ಸೊನ್ನಿ ಅಂದಾಳಲ್ಲ ತಂಗಿ.

ಮಾಸ್ತರ್_ಕಲಬುರಗಿ
ದಾಟ್ತದ, ಮೀಟರಿಗೆ ಕಾಣಂಗಿಲ್ಲ. ಗಟ್ಟಿ ಬಸಾಲ್ಟಿನ ವೇಗ ತೂತಿನ ಕಲ್ಲಿನ ನೂರರಾಗ ಒಂದು ಪಾಲು ಅಂತ ಹಿಡಿದ್ರ ದಿನಕ್ಕ 0.2 ಪಿಪಿಎಂ. ಅದೂ ಮೊದಲ ಕಲ್ಲಿನೊಳಗಿನ ನೀರು ಉಪ್ಪಾಗಬೇಕು, ಆಮೇಲೆ ಆ ಕಡಿ ಬರಬೇಕು, ಅದಕ್ಕೇ ವಾರಗಟ್ಟಲೆ ಬೇಕು. ತಂಗಿ ಆ ಡಬ್ಬಿ ಬಿಚ್ಚಬ್ಯಾಡ, ಆರು ತಿಂಗಳು ಇಡು. ಆದ್ರ ಪಕ್ಕಕ್ಕ ಇನ್ನೊಂದು ಬಿಲ್ಲೆ ಹಚ್ಚಿ ಎರಡೂ ಕಡಿ ಡಿಸ್ಟಿಲ್ಡ್ ನೀರು ಹಾಕಿ ಇಡು, ಕಲ್ಲೇ ಕರಗಿ ಎಷ್ಟು ಪಿಪಿಎಂ ಕೊಡ್ತದ ನೋಡಾಕ. ಅದು ಗೊತ್ತಿಲ್ಲದ ಇಷ್ಟು ಸಣ್ಣ ಅಂಕಿ ನಂಬಬಾರದು.

ಮತ್ತ ಎರಡೂ ಕಡಿ ನೀರಿನ ಮಟ್ಟ ನೋಡ್ಕೊ, ಒಂದ್ ಕಡಿ ಎತ್ತರ ಇದ್ರ ಹರಿವು ನುಗ್ತದ, ನೀ ಅದನ್ನ ಡಿಫ್ಯೂಷನ್ ಅಂತ ಬರೀತಿ. ನಮ್ಮೂರ ಬ್ಯಾಸಗಿ ಬ್ಯಾರೆ, 25 ಡಿಗ್ರಿಯಿಂದ 40ಕ್ಕ ಏರಿದ್ರ ಉಪ್ಪು ಸುಮಾರು 40 ಪರ್ಸೆಂಟ್ ಬೇಗ ಸರೀತದ. ಎಲ್ಲಾ ಡಬ್ಬಿ ಒಂದೇ ಖೋಲ್ಯಾಗ ಇಡು, ಉಷ್ಣಾಂಶ ದಿನಾ ಬರದಿಡು.

ಮೆತ್ತಗಿನ ಕಲ್ಲಿನಾಗ ಜೇಡಿ ಅದ, ನಮ್ಮ ಕರಿಮಣ್ಣು ಬಿರುಕು ಬಿಡೋದು ಯಾವ ಜೇಡಿಯಿಂದ ಅದೇ ಜೇಡಿ. ಅದು ಸೋಡಿಯಂ ಹಿಡ್ಕೊಂಡು ಕ್ಯಾಲ್ಸಿಯಂ ಬಿಟ್ಟುಕೊಡ್ತದ. ಟಿಡಿಎಸ್ ಮೀಟರ್ ಎರಡನ್ನೂ ಒಂದೇ ಅಂತ ತೋರಸ್ತದ. ಒಂದ್ ಸಲ ಆ ನೀರಿನ ಗಡಸುತನ ಟೆಸ್ಟ್ ಮಾಡು, ಕ್ಲೋರೈಡ್ ಬ್ಯಾರೆ ಮಾಡು.

ಹೊಲಮನಿ_ಅಫಜಲಪುರ
ಇಷ್ಟೆಲ್ಲಾ ಓದಿ ನನಗ ಒಂದ್ ಸಂಗತಿ ನೆನಪಾಯ್ತು. ನಮ್ಮ ಹೊಲದಾಗ ಮುತ್ಯಾನ ಕಾಲದ ಬಾವಿ ಅದ, 40 ಅಡಿ, ಗೋಡಿ ಎಲ್ಲಾ ಈ ತಂಗಿ ಹೇಳೋ ಮೆತ್ತಗಿನ ಕಲ್ಲೇ. ಬಾವಿ ಪಕ್ಕಕ್ಕೇ 30 ವರ್ಷ ತಿಪ್ಪಿ ಹಾಕಿದ್ವಿ, ಯಾರಿಗೂ ತಿಳೀಲಿಲ್ಲ. ನಾಕು ವರ್ಷದ ಹಿಂದ ಮನ್ಯಾಗ ಕೂಸು ಹುಟ್ಟಿದಾಗ ನರ್ಸಮ್ಮ ಹೇಳಿದ್ರು ಅಂತ ನೀರು ಟೆಸ್ಟ್ ಮಾಡ್ಸಿದ್ವಿ, ನೈಟ್ರೇಟ್ ಲೀಟರಿಗೆ 80 ಮಿಲಿಗ್ರಾಂ ಮ್ಯಾಲ, ಇರಬೇಕಾಗಿದ್ದು 45ರ ಒಳಗ. ಅವತ್ತೇ ತಿಪ್ಪಿ ಕಿತ್ತಿ ಊರ ಆಚಿ ಹಾಕಿದ್ವಿ. ಬಾವಿ ಪೂರಾ ಖಾಲಿ ಮಾಡಿದ್ರ ಬರೋ ಹೊಸ ನೀರು ಛಲೋ ಇರ್ತದ, 30 ಹತ್ರ. ಮೋಟರ್ ಬಂದ್ ಮಾಡಿ ಒಂದ್ ತಿಂಗಳು ಬಿಟ್ರ ಮತ್ತ 60-70. ನಾಕು ವರ್ಷ ಆಯ್ತು ಇದೇ ನಡದದ. ಯಾರೋ ಕದ್ದು ಏನೋ ಬಿಡ್ಲಕತ್ತಾರ ಅಂತ ಪಕ್ಕದ ಹೊಲದವ್ರ ಜೋಡಿ ಜಗಳನೂ ಆಗ್ಯದ. ಈ ಕಲ್ಲೇ ಹಿಂಗ ಮಾಡ್ತದೇನು ಸರ್?

ಮಾಸ್ತರ್_ಕಲಬುರಗಿ
ಯಜಮಾನ್ರೇ, ಪಕ್ಕದ ಹೊಲದವ್ರ ಮ್ಯಾಲ ಸಿಟ್ಟು ಮಾಡೋಕಿಂತ ಮೊದಲ ಈ ಲೆಕ್ಕ ನೋಡ್ರಿ. ತಂಗಿ ಅಳತಿ ಪ್ರಕಾರ ಆ ಮೆತ್ತಗಿನ ಕಲ್ಲಿನಾಗ ಉಪ್ಪು 1 ಸೆಂಟಿಮೀಟರ್ ಒಳಗ ಸರಿಯಾಕ ಸುಮಾರು 4 ದಿನ. ನೈಟ್ರೇಟೂ ಹೆಚ್ಚುಕಡಿಮಿ ಅದೇ ವೇಗ. ಡಿಫ್ಯೂಷನ್ನಿನ ಗುಣ ಏನಂದ್ರ ದೂರ ಹತ್ತು ಪಟ್ಟಾದ್ರ ಕಾಲ ನೂರು ಪಟ್ಟು. 10 ಸೆಂಟಿಮೀಟರಿಗೆ 400 ದಿನ. 1 ಮೀಟರಿಗೆ 40,000 ದಿನ, ಅಂದ್ರ 110 ವರ್ಷ. ನಿಮ್ಮ ತಿಪ್ಪಿಯ 30 ವರ್ಷಕ್ಕ ಸುಮಾರು ಅರ್ಧ ಮೀಟರ್ ಒಳಗ ಹೋಗ್ಯದ. ಬಾವಿ ಗೋಡಿಗೆ ಅಷ್ಟೇ ಅಲ್ಲ, ನೀರು ಬರೋ ಒಂದೊಂದು ಬಿರುಕಿನ ಎಡಬಲಕ್ಕೂ. ನೀವು ಬಾವಿ ಖಾಲಿ ಮಾಡಿದಾಗ ದೊಡ್ಡ ಬಿರುಕಿನಾಗಿಂದ ಹೊಸ ನೀರು ಓಡಿ ಬರ್ತದ, ಕಲ್ಲಿನ ಹೊಟ್ಟ್ಯಾಗಿನ ನೈಟ್ರೇಟಿಗೆ ಅದರಾಗ ಕೂಡಾಕ ಟೈಮ್ ಸಿಗಂಗಿಲ್ಲ. ತಿಂಗಳು ನಿಂತಾಗ ನಿಧಾನ ಹೊರಗ ಬಂದು ಕೂಡ್ತದ. ಹೋಗಾಕ 30 ವರ್ಷ ತಗೊಂಡಿದ್ದು ಬರಾಕ ಅದಕ್ಕಿಂತ ಜಾಸ್ತಿ ತಗೋತದ, ಯಾಕಂದ್ರ ಒಂದಷ್ಟು ಇನ್ನೂ ಒಳಗೇ ಸರೀಲಕತ್ತಿರ್ತದ.

1975ರಾಗ ಇಂಗ್ಲೆಂಡಿನ ಸೀಮೆಸುಣ್ಣದ ಕಲ್ಲಿನಾಗ ಇಂಥದೇ ಒಗಟು ಬಂದಿತ್ತು, ಮಳಿ ನೀರಿನ ಜೋಡಿ ಇಳಿದ ಟ್ರಿಷಿಯಂ (ವಿಕಿರಣ ಸೂಸೋ ಥರದ ಹೈಡ್ರೋಜನ್) ಬಿರುಕಿನಾಗ ಓಡಿ ಹೋಗಬೇಕಾಗಿದ್ದು ಮ್ಯಾಲೇ ಉಳಿದಿತ್ತು, ಕಲ್ಲಿನ ಸಣ್ಣ ತೂತಿನೊಳಗ ಡಿಫ್ಯೂಷನ್ ಆಗಿ ಸಿಕ್ಕದ ಅಂತ ಆಗ ವಿವರಣೆ ಕೊಟ್ರು.

ಆದ್ರ ಒಂದು ಎಚ್ಚರ. ನಿಮ್ಮ ಕರಿಮಣ್ಣಿನಾಗೂ ಹಳೇ ತಿಪ್ಪಿ ರಸ ಉಳಿದಿರಬಹುದು, ಮಳಿ ಬಂದಾಗೊಮ್ಮೆ ಇಳೀತದ. ಮಳಿ ಇಲ್ಲದ ಏಪ್ರಿಲ್ ಮೇನಾಗೂ 60-70ಕ್ಕ ಏರ್ತದೇನು? ಏರಿದ್ರ ಕಲ್ಲಿನ ಮ್ಯಾಲ ಅನುಮಾನ ಗಟ್ಟಿ.

ಹೊಲಮನಿ_ಅಫಜಲಪುರ
ಏರ್ತದ್ರಿ ಸರ್. ಮೇ ತಿಂಗಳಾಗೇ ಟೆಸ್ಟ್ ಮಾಡ್ಸಿದ್ದು ಅದು.

ಗುಡ್ಡ_ಯಾದಗಿರಿ
ಕಾಕಾ, ಆ ನೀರು ಕಾಸಿ ಕೂಸಿಗೆ ಕುಡಿಸಿದ್ರ ಆಗ್ತದ ಅಂತ ಯಾರಾದ್ರೂ ಹೇಳಿದ್ರ ಕೇಳಬ್ಯಾಡ್ರಿ. ನೈಟ್ರೇಟ್ ಕಾಸಿದ್ರ ಹೋಗಂಗಿಲ್ಲ, ನೀರು ಆವಿ ಆಗಿ ಇನ್ನೂ ಗಟ್ಟಿ ಆಗ್ತದ.

ಹೊಲಮನಿ_ಅಫಜಲಪುರ
ಇಲ್ಲಪ್ಪ, ಕೂಸಿಗೆ ಅವತ್ತಿಂದ ಊರ ಫಿಲ್ಟರ್ ನೀರೇ. ಬಾವಿ ನೀರು ತೊಗರಿಗೆ ಎತ್ತಿಗೆ ಅಷ್ಟೇ. ಆದ್ರ ಎತ್ತಿಗೂ ತಿಂಗಳು ನಿಂತ ನೀರು ಕುಡಿಸಬೇಕೋ ಬ್ಯಾಡೋ?

ಮಾಸ್ತರ್_ಕಲಬುರಗಿ
ಮೋಟರ್ ಹಚ್ಚಿ ಮೊದಲ ಬಂದ ನೀರು ತೊಗರಿಗೆ ಬಿಡ್ರಿ, ಬೆಳಿಗಿ ನೈಟ್ರೇಟ್ ಗೊಬ್ಬರನೇ. ಆಮೇಲೆ ಬಂದ ನೀರು ಎತ್ತಿಗೆ. ಪಶು ಡಾಕ್ಟರಿಗೆ ಒಂದ್ ಮಾತು ಕೇಳಿಬಿಡ್ರಿ. ಮತ್ತ ಬಾವಿಯೊಳಗ ಇಳಿಯೋದಿದ್ರ ಒಬ್ಬರೇ ಇಳಿಯಬ್ಯಾಡ್ರಿ, ಹಳೇ ಬಾವಿ ತಳದಾಗ ಕೆಟ್ಟ ಗಾಳಿ ಕುಂತಿರ್ತದ.

ಕರಿಮಣ್ಣು_ಆಳಂದ
ಸರ್, ಕಾಕಾನ ಬಾವಿ ಓದಿ ನಿನ್ನಿ ರಾತ್ರಿ ನಿದ್ದಿ ಬರಲಿಲ್ಲ. ನಾ ಬರೀ ಬಿಲ್ಲೆ ಮ್ಯಾಲ ನೋಡ್ಲಕತ್ತಿದ್ದೆ, ಅದೇ ಒಂದು ಊರಿನ ಬಾವ್ಯಾಗ ನಡದದ.

ಇನ್ನೊಂದು ನೋಡಿದ್ದು ಹೇಳ್ತೀನಿ. ತೂತಿನ ಕಲ್ಲಿನ ಇನ್ನೊಂದು ಬಿಲ್ಲೆ ಕೆಂಪು ಇಂಕ್ ನೀರಾಗ ವ್ಯಾಕ್ಯೂಮ್ ಮಾಡಿ ಹದಿನೈದು ದಿನ ಬಿಟ್ಟಿದ್ದೆ, ಇವತ್ತು ಒಡದು ನೋಡಿದೆ. ದೊಡ್ಡ ತೂತು, ಬೆರಳ ತುದಿ ಹಿಡಿಯೋದು, ಒಳಗ ಬಿಳಿ ಬಿಳಿ ಹಂಗೇ ಇತ್ತು, ಒಂದು ಹನಿ ಬಣ್ಣ ಇಲ್ಲ. ಅದರ ಪಕ್ಕಕ್ಕೇ ಸಾಸಿವಿ ಕಾಳಿನಷ್ಟು ಸಣ್ಣ ತೂತುಗಳ ಒಂದು ಸಾಲು ಪೂರಾ ಕೆಂಪಗಾಗಿತ್ತು, ಒಂದರಿಂದ ಒಂದಕ್ಕ ಕೂದಲಿನಂಥ ಗೆರಿ. ದಾರಿ ಇದ್ದಿದ್ದು ಅಲ್ಲಿ. ಫೋಟೋ ತಗದೀನಿ, ರಿಪೋರ್ಟಿನ ಮೊದಲನೇ ಪುಟಕ್ಕ ಅದೇ ಹಾಕ್ತೀನಿ.

ಕಾಕಾ, ನಿಮ್ಮ ಬಾವಿ ಗೋಡಿ ಕಲ್ಲು ಒಂದ್ ತುಂಡು ಸಿಗ್ತದೇನ್ರಿ? ಒಳಗ ಇಳಿಯಬ್ಯಾಡ್ರಿ, ತೋಡುವಾಗ ಮ್ಯಾಲ ಹಾಕಿದ ಕಲ್ಲು ಬದುವಿನಾಗ ಇದ್ರ ಸಾಕು. ಅದರಾಗೇ ನೈಟ್ರೇಟ್ ಹಾಕಿ ಅಳದು ನೋಡ್ತೀನಿ.

ಹೊಲಮನಿ_ಅಫಜಲಪುರ
ಬದು ತುಂಬ ಅದೇ ಕಲ್ಲು ತಂಗಿ, ಬೇಕಾದಷ್ಟು ಒಯ್ಯಿ. ಅಮಾಸಿ ಮುಗದ ಮ್ಯಾಲ ಬಾ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಮಾಡಿಸಿರ್ತೀನಿ. ಮೋಟರ್ ಮೂರು ವಾರದಿಂದ ಬಂದ್ ಅದ, ನೀ ಬರೋತನಕ ಹಚ್ಚಂಗಿಲ್ಲ.

ಕರಿಮಣ್ಣು_ಆಳಂದ
ಆಯ್ತ್ರಿ ಕಾಕಾ. ಹತ್ತು ಬಾಟಲಿ ತರ್ತೀನಿ. ಒಂದು ಮೋಟರ್ ಹಚ್ಚೋಕಿಂತ ಮೊದಲ, ಆಮೇಲೆ ಅರ್ಧ ಅರ್ಧ ತಾಸಿಗೊಂದು. ಎಲ್ಲಾದರ ಮ್ಯಾಲೂ ಟೈಮ್ ಬರದು ನಿಮ್ಮ ಕೈಲೇ ಅಂಟಿಸಸ್ತೀನಿ, ಪಕ್ಕದ ಹೊಲದವ್ರನ್ನೂ ಕರೀರಿ.